ಹಳೇ ಸ್ಟೋರಲ್ಲಿ ಸಿಕ್ಕ ಲಿಂಡೇನ್ ಡಬ್ಬ, ದೆಹಲಿಯ ಕರಡು ಆದೇಶ: ಪತ್ರದಲ್ಲಿ ಏನು ಬರೆಯೋಣ?

ಮೂಡಿಗೆರೆ ಮಲೆ | 21 ಜೂನ್ 2020

ಎಲ್ಲರಿಗೂ ನಮಸ್ಕಾರ. ಲಾಕ್‌ಡೌನ್ ಶುರುವಾದಾಗ ಬೆಂಗಳೂರಿಂದ ಊರಿಗೆ ಬಂದವನು ಇನ್ನೂ ಇಲ್ಲೇ ಇದ್ದೇನೆ. ಮಳೆ ಹಿಡಿಯೋಕೆ ಮುಂಚೆ ಹಳೇ ಸ್ಟೋರಿನ ಹಂಚು ಕೈಯಾಡಿಸೋಣ ಅಂದರು ಅಪ್ಪ. ಅಟ್ಟ ಖಾಲಿ ಮಾಡುವಾಗ ಗೊಬ್ಬರದ ಹರಕು ಚೀಲಗಳ ಹಿಂದೆ ಐದು ಲೀಟರಿನ ಎರಡು ತಗಡಿನ ಡಬ್ಬ ಸಿಕ್ಕಿದವು. ಒಂದು ಖಾಲಿ. ಇನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚೇ ಇದೆ, ಎತ್ತಿದರೆ ಒಳಗೆ ಕುಲುಕುತ್ತೆ. ಲೇಬಲ್ಲು ಇಲಿ ತಿಂದು ಅರ್ಧ ಉಳಿದಿದೆ, ಅದರಲ್ಲಿ ‘ಲಿಂಡೇನ್ 20 ಇ.ಸಿ.’ ಅಂತ ಓದಬಹುದು. ಹಿಂದೆ ಕಾಫಿ ಗಿಡಕ್ಕೆ ಬಳಿಯುತ್ತಿದ್ದ ಕೀಟನಾಶಕ ಅದು. ತಳದ ಹೊಲಿಗೆಯಲ್ಲಿ ತುಕ್ಕು ಹಿಡಿದು ಜಿನುಗಿ, ಕೆಳಗಿನ ಹಲಗೆ ಮೇಲೆ ಅಂಗೈ ಅಗಲದ ಕಪ್ಪು ಕಲೆ ಆಗಿದೆ. ಸುತ್ತಲಿನ ಹಲಗೆಯನ್ನೆಲ್ಲ ಗೆದ್ದಲು ತಿಂದು ಹಿಟ್ಟು ಮಾಡಿದೆ. ಆ ಕಲೆ ಇರುವಷ್ಟು ಜಾಗ ಮಾತ್ರ ಮುಟ್ಟಿಲ್ಲ.

ಸ್ಟೋರಿನಿಂದ ಹಳ್ಳಕ್ಕೆ ನೂರು ಹೆಜ್ಜೆಯೂ ಇಲ್ಲ. ನಮ್ಮ ಹಳ್ಳ ಹೇಮಾವತಿಗೆ ಸೇರುತ್ತೆ, ಹೇಮಾವತಿ ಗೊರೂರು ಅಣೆಕಟ್ಟಿಗೆ. ಹಾಗಾಗಿ ನಿದ್ದೆ ಸರಿಯಾಗಿ ಬರ್ತಿಲ್ಲ.

ಇದೇ ಹೊತ್ತಿಗೆ ಕೇಂದ್ರ ಕೃಷಿ ಸಚಿವಾಲಯ ಮೇ 14ರ ತಾರೀಖಿನಲ್ಲಿ ಒಂದು ಕರಡು ಆದೇಶ ಹೊರಡಿಸಿದೆ. ಬೆಳೆಗೆ ಹೊಡೆಯೋ ಒಟ್ಟು 27 ಔಷಧಿಗಳನ್ನು ನಿಷೇಧಿಸೋ ಪ್ರಸ್ತಾಪ. ಪಟ್ಟಿಯಲ್ಲಿ ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಕಾರ್ಬೆಂಡಜಿಮ್, ಮ್ಯಾಂಕೊಜೆಬ್, 2,4-ಡಿ ಎಲ್ಲ ಇವೆ. ನಮ್ಮ ಕಡೆ ಯಾವ ತೋಟದ ಸ್ಟೋರಿಗೆ ಹೋದರೂ ಇವುಗಳಲ್ಲಿ ಎರಡಾದರೂ ಸಿಗುತ್ತವೆ. ಆಕ್ಷೇಪಣೆ, ಸಲಹೆ ಇದ್ದವರು ದೆಹಲಿಯ ಕೃಷಿ ಭವನಕ್ಕೆ ಬರೆದು ಕಳಿಸಬಹುದು. ಮೊದಲು 45 ದಿನ ಕೊಟ್ಟಿದ್ದರು, ಈಗ 90 ಆಗಿದೆ. ಗೆಜೆಟ್ ಇರೋದು ಹಿಂದಿ, ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಒಂದು ಸಾಲೂ ಇಲ್ಲ.

ಡಬ್ಬ ಏನು ಮಾಡಲಿ ಅಂತ ತಿಳಿದವರು ಹೇಳಿ. ಮತ್ತೆ, ನಾವು ಕೆಲವರು ಸೇರಿ ಆ ಕರಡಿಗೆ ಒಂದು ಪತ್ರ ಬರೆದರೆ ಅದರಲ್ಲಿ ಏನಿರಬೇಕು?

ಹಳೇ ರೈಟರು, ಸಕಲೇಶಪುರ | 21 ಜೂನ್ 2020

ತಮ್ಮಾ, ಮೊದಲು ಆ ಡಬ್ಬದ ಮುಚ್ಚಳ ಬಿಚ್ಚಬೇಡ. ಹೂಳಬೇಡ, ಸುಡಬೇಡ, ಹಳ್ಳದ ಕಡೆಗಂತೂ ಒಯ್ಯಲೇಬೇಡ. ಮನೇಲಿ ಮಕ್ಕಳಿದ್ದರೆ ಅಟ್ಟಕ್ಕೆ ಬೀಗ ಹಾಕು.

ಮೂವತ್ತೊಂದು ವರ್ಷ ತೋಟದಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯೋ ರೈಟರ್ ಆಗಿದ್ದವನು ನಾನು. ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ (ತೋಟದಲ್ಲಿ ಬೋರರ್ ಅಂತೀವಿ) ಅಂದರೆ ಏನು ಅಂತ ನಿಮ್ಮ ಅಪ್ಪನ್ನ ಕೇಳು. ದುಂಬಿ ವರ್ಷಕ್ಕೆ ಎರಡು ಸಲ ಹಾರುತ್ತೆ, ಏಪ್ರಿಲ್-ಮೇನಲ್ಲಿ ಒಂದು, ಅಕ್ಟೋಬರಿಂದ ಡಿಸೆಂಬರಿಗೆ ಇನ್ನೊಂದು. ಸಡಿಲ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತೆ. ಹುಳ ಮೊದಲು ತೊಗಟೆ ಕೆಳಗೇ ಸುತ್ತು ಹಾಕ್ಕೊಂಡು ತಿನ್ನುತ್ತೆ, ಆಮೇಲೆ ಕಾಂಡದ ಒಳಗೆ ಹೊಕ್ಕುತ್ತೆ. ಹೊರಗಿನಿಂದ ಉಬ್ಬಿದ ಗೆರೆ ಕಾಣೋ ಹೊತ್ತಿಗೆ ಗಿಡ ಕೈಬಿಟ್ಟ ಹಾಗೆ. ನಾನು ಕೆಲಸಕ್ಕೆ ಸೇರಿದಾಗ ಬಿ.ಎಚ್.ಸಿ. ಅನ್ನೋ ಕೀಟನಾಶಕದ ಪುಡಿ ಕಲಸಿ ಕಾಂಡಕ್ಕೆ ಬಳಿಸುತ್ತಿದ್ದೆವು. 1997ರಲ್ಲಿ ಅದು ನಿಂತಿತು. ಆಮೇಲೆ ಪೂರ್ತಿ ಲಿಂಡೇನ್. 2011ರಲ್ಲಿ ಅದರ ತಯಾರಿಕೆ ನಿಲ್ಲಿಸಿದರು, 2013ರ ಮಾರ್ಚಿಂದ ಬಳಸೋದೂ ಬಂದ್. ಅಲ್ಲಿಂದ ಈಚೆಗೆ ಕ್ಲೋರ್‌ಪೈರಿಫಾಸ್.

ಪ್ರತಿ ಸಲವೂ ಹೊಸದು ಬಂದಾಗ ‘ಇದು ಹಳೇದರಷ್ಟು ವಿಷ ಅಲ್ಲ’ ಅಂತಲೇ ಹೇಳಿ ಕೊಟ್ಟರು. ನಾನೂ ಆಳುಗಳಿಗೆ ಅದನ್ನೇ ಹೇಳಿದೆ. ಇವತ್ತಿಗೂ ಆ ಮಾತು ನೆನಪಾದರೆ ಹೊಟ್ಟೆಯಲ್ಲಿ ಸಂಕಟ.

ಕೆಮಿಸ್ಟ್ರಿ ಮೇಷ್ಟ್ರು, ಹಾಸನ | 22 ಜೂನ್ 2020

ರೈಟರು ಹೇಳಿದ್ದು ಸರಿ. ಡಬ್ಬದ ವಿಷಯ ಮೊದಲು ಮುಗಿಸೋಣ. ರಬ್ಬರ್ ಗ್ಲೌಸ್ ಹಾಕಿಕೊಂಡು, ಮುಚ್ಚಳ ಬಿಗಿಯಾಗಿ ಕೂರುವ ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ಎರಡೂ ಡಬ್ಬ ನೆಟ್ಟಗೆ ಇಡಿ. ಸುತ್ತ ಒಣ ಮರದ ಹೊಟ್ಟು ತುಂಬಿ, ಸೋರಿದರೆ ಅದು ಹೀರಿಕೊಳ್ಳುತ್ತೆ. ಕಲೆ ಆದ ಹಲಗೆಯನ್ನೂ ಕೊಯ್ದು ಅದರೊಳಗೇ ಹಾಕಿ. ಸೌದೆ ಒಲೆಗೆ ಮಾತ್ರ ಹಾಕಬೇಡಿ, ಹೊಗೆಯಲ್ಲಿ ಬರೋದು ಇನ್ನೂ ಕೆಟ್ಟದ್ದು. ಡ್ರಮ್ಮಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ‘ವಿಷ, ಲಿಂಡೇನ್’ ಅಂತ ಬರೆದು ಸಿಮೆಂಟ್ ನೆಲದ ಮೇಲಿಡಿ. ಇದು ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ದಾಬಸ್‌ಪೇಟೆ ಬಳಿ ಅಂಥದ್ದನ್ನು ತೆಗೆದುಕೊಳ್ಳೋ ಘಟಕ ಇದೆ. ಜಿಲ್ಲೆಯಲ್ಲಿ ಯಾರು ಅದನ್ನು ಅಲ್ಲಿಗೆ ಮುಟ್ಟಿಸಬೇಕು ಅನ್ನೋದನ್ನು ಲಿಖಿತವಾಗಿ ಕೇಳಿ, ಬಾಯಿಮಾತಿನಲ್ಲಿ ಬೇಡ.

ಇನ್ನು ಹಲಗೆ ಕಲೆಯ ವಿಷಯ. ಎಷ್ಟೋ ವರ್ಷದ ಹಿಂದೆ ಸೋರಿದ್ದನ್ನು ಗೆದ್ದಲು ಇವತ್ತಿಗೂ ಮುಟ್ಟುತ್ತಿಲ್ಲ. ಲಿಂಡೇನಿನ ಗುಣ ಅದೇ. ಆರು ಇಂಗಾಲದ ಉಂಗುರಕ್ಕೆ ಆರು ಕ್ಲೋರಿನ್ ಅಂಟಿಕೊಂಡಿವೆ. ಅದನ್ನು ಮಣ್ಣಿನ ಸೂಕ್ಷ್ಮಜೀವಿ ಸುಲಭಕ್ಕೆ ಬಿಡಿಸಲಾರದು. ನೀರಿನಲ್ಲಿ ಕರಗೋದು ಕಡಿಮೆ, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತೆ. ಅದಕ್ಕೇ ಮೀನಿನಲ್ಲಿ, ಹಾಲಿನಲ್ಲಿ, ತಾಯಿಯ ಎದೆಹಾಲಿನಲ್ಲಿ ಉಳಿಯುತ್ತೆ. ಒಂದು ಟನ್ ಲಿಂಡೇನ್ ತಯಾರಿಸಿದರೆ ಕೆಲಸಕ್ಕೆ ಬಾರದ ಅದರ ಸೋದರ ವಸ್ತುಗಳು ಎಂಟರಿಂದ ಹನ್ನೆರಡು ಟನ್ ಕಸವಾಗಿ ಉಳಿಯುತ್ತವೆ. ಬೇಗ ನಾಶವಾಗದ ವಿಷಗಳನ್ನು ತಡೆಯೋಕೆ ಇರುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2009ರಲ್ಲಿ ಲಿಂಡೇನ್ ಸೇರಿತು. ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿತು. ಅಷ್ಟು ಹೊತ್ತಿಗೆ ನಮ್ಮಲ್ಲಿ ಎರಡು ತಲೆಮಾರು ಅದನ್ನು ಬಳಿದು ಮುಗಿಸಿತ್ತು.

ಕ್ಲೋರ್‌ಪೈರಿಫಾಸ್ ಬೇರೆ ಜಾತಿ. ಲಿಂಡೇನಿನಷ್ಟು ಕಾಲ ಉಳಿಯೋದಿಲ್ಲ, ಅದನ್ನು ಒಪ್ಪಬೇಕು. ಆದರೆ ನರಗಳ ಮೇಲೆ ನೇರವಾಗಿ ಕೆಲಸ ಮಾಡುತ್ತೆ, ಬೆಳೆಯೋ ಮಕ್ಕಳ ಮಿದುಳಿನ ಬಗ್ಗೆ ಗಂಭೀರವಾದ ಅನುಮಾನ ಇದೆ. ಯುರೋಪಿನವರು ಇದೇ ಜನವರಿಯಲ್ಲಿ ಅದರ ಪರವಾನಗಿ ಮುಂದುವರಿಸಲಿಲ್ಲ. ನಮ್ಮ ಕರಡನ್ನೂ ಓದಿ ನೋಡಿ. ಹಲವು ಔಷಧಿಗಳ ಮುಂದೆ, ಕೊಡಬೇಕಾಗಿದ್ದ ಪರೀಕ್ಷಾ ಮಾಹಿತಿ ಪೂರ್ತಿ ಕೊಟ್ಟಿಲ್ಲ ಅಂತ ಬರೆದಿದೆ.

ಗಿರಿ ಸಾಲಿನ ಬೆಳೆಗಾರ | 22 ಜೂನ್ 2020

ಮೇಷ್ಟ್ರೇ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ತೋಟದ ಒಳಗೆ ನಿಂತು ಒಂದು ಮಾತು ಹೇಳ್ತೀನಿ. ನನ್ನದು ಬಾಬಾಬುಡನ್‌ಗಿರಿ ಸಾಲಿನಲ್ಲಿ ಅರೇಬಿಕಾ. ಕಾಂಡಕೊರಕಕ್ಕೆ ಹೆದರಿ ನನ್ನ ಸುತ್ತಲಿನವರು ಒಬ್ಬೊಬ್ಬರಾಗಿ ರೋಬಸ್ಟಾ ಹಾಕಿದರು, ಅದಕ್ಕೆ ಈ ಹುಳದ ಕಾಟ ಇಲ್ಲ. ನಮ್ಮ ಎತ್ತರಕ್ಕೆ, ನಮ್ಮ ಚಳಿಗೆ ಅರೇಬಿಕಾನೇ ಸರಿ, ನಾನು ಬಿಡಲಿಲ್ಲ. ಗಿಡ ನೆಟ್ಟು ಫಸಲು ಕಾಣೋಕೆ ನಾಲ್ಕು ವರ್ಷ. ಹುಳ ಹೊಕ್ಕ ಗಿಡ ಕಿತ್ತು ಸುಡಬೇಕು. ಕಿತ್ತ ಜಾಗದಲ್ಲಿ ಬಿಸಿಲು ಬೀಳುತ್ತೆ, ಬಿಸಿಲು ಬಿದ್ದ ಕಡೆಯೇ ದುಂಬಿ ಮತ್ತೆ ಬರುತ್ತೆ.

ಔಷಧಿ ಇಲ್ಲದೆ ಮಾಡೋ ದಾರಿ ನನಗೂ ಗೊತ್ತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು ಹೇಳಿಕೊಟ್ಟಿದ್ದಾರೆ. ದುಂಬಿ ಹಾರೋಕೆ ಮುಂಚೆ ಮಾರ್ಚ್, ಸೆಪ್ಟೆಂಬರಿನಲ್ಲಿ ಟ್ರೇಸಿಂಗ್ ಅಂದರೆ ಹುಳ ಹೊಕ್ಕ ಗಿಡ ಹುಡುಕಿ ಗುರುತಿಸೋದು, ನಾರಿನ ಗ್ಲೌಸಿನಿಂದ ಕಾಂಡ ಉಜ್ಜಿ ಸಡಿಲ ತೊಗಟೆ ತೆಗೆಯೋದು, ಇನ್ನೂರು ಲೀಟರ್ ನೀರಿಗೆ ಇಪ್ಪತ್ತು ಕೆ.ಜಿ. ಸುಣ್ಣ ಕದಡಿ ಕಾಂಡಕ್ಕೆ ಹೊಡೆಯೋದು, ದುಂಬಿಯನ್ನು ವಾಸನೆಯಿಂದ ಸೆಳೆಯೋ ಫೆರೊಮೋನ್ ಬಲೆ, ನೆರಳು ಕಾಪಾಡಿಕೊಳ್ಳೋದು. ಎಲ್ಲ ಒಳ್ಳೇದೇ. ಆದರೆ ಒಂದೊಂದು ಗಿಡದ ಬುಡದಲ್ಲೂ ಒಬ್ಬರು ಕೂತು ಉಜ್ಜಬೇಕು. ಆಳು ಎಲ್ಲಿದ್ದಾರೆ? ನಿಷೇಧ ಅಂತ ಒಂದು ಕಾಗದ ಬಂದರೆ ಸಾಲದು. ಉಜ್ಜೋ ಕೂಲಿಗೆ, ಬಲೆಗೆ ಸಹಾಯಧನ ಕೊಟ್ಟು, ಎರಡು ವರ್ಷ ಸಮಯ ಕೊಟ್ಟು ಆಮೇಲೆ ನಿಲ್ಲಿಸಲಿ. ಪತ್ರದಲ್ಲಿ ಇದು ಇರಲೇಬೇಕು. ಇಲ್ಲದಿದ್ದರೆ ನಾನು ಸಹಿ ಹಾಕಲ್ಲ.

ಆಲೂರು ರೈತ | 22 ಜೂನ್ 2020

ಕಾಫಿಯವರ ಮಾತಿನ ಮಧ್ಯೆ ಬರ್ತಿದೀನಿ, ಕ್ಷಮಿಸಿ. ನಮ್ಮ ಆಲೂಗೆಡ್ಡೆಗೆ ಅಂಗಮಾರಿ ಬಂದರೆ ಮೂರು ದಿನ, ಹೊಲ ಸುಟ್ಟ ಹಾಗೆ ಆಗುತ್ತೆ. ಮ್ಯಾಂಕೊಜೆಬ್ ಹೊಡೆಯದೆ ಹಾಸನ ಸೀಮೆಯಲ್ಲಿ ಗೆಡ್ಡೆ ತೆಗೆದವರನ್ನು ನಾನು ಕಂಡಿಲ್ಲ. ಇಪ್ಪತ್ತೇಳನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದು ಯಾಕೆ? ಒಂದೊಂದನ್ನೂ ಬೇರೆ ಬೇರೆ ತೂಗಿ ನೋಡಿ ಅಂತ ಬರೆಯಿರಿ.

ಲೈನ್ ಮನೆ ಮಗಳು | 23 ಜೂನ್ 2020

ನಾನು ಇಲ್ಲಿ ಬರೆಯೋದು ಕಡಿಮೆ, ಓದ್ತಾ ಇರ್ತೀನಿ. ಹಾಸನದಲ್ಲಿ ನರ್ಸ್ ಕೆಲಸ ಮಾಡ್ತೀನಿ. ನಮ್ಮವ್ವ ಮೂಡಿಗೆರೆ ಕಡೆ ಒಂದು ತೋಟದಲ್ಲಿ ಇಪ್ಪತ್ತಾರು ವರ್ಷ ಆಳು. ತೋಟದ ಹೆಸರು ಹೇಳಲ್ಲ, ಈಗ ಮಾಲೀಕರೂ ಬೇರೆ.

ಇಲ್ಲಿಯವರೆಗೆ ಗಿಡದ ಮಾತು, ಹುಳದ ಮಾತು, ಹಳ್ಳದ ಮಾತು ಬಂತು. ಬಳಿದವರ ಕೈಯ ಮಾತು ರೈಟರಪ್ಪನವರು ಬಿಟ್ಟರೆ ಯಾರೂ ಎತ್ತಲಿಲ್ಲ.

ಅವ್ವ ಹೇಗೆ ಬಳೀತಿದ್ದಳು ಅಂತ ಹೇಳ್ತೀನಿ. ಅರ್ಧ ತೆಂಗಿನ ಚಿಪ್ಪು ಎಡಗೈಯಲ್ಲಿ, ಬಲಗೈಯಲ್ಲಿ ಹಳೇ ಸೀರೆ ಚೂರು ಸುತ್ತಿದ ಕೋಲು. ಗಿಡದ ಬುಡಕ್ಕೆ ಕುಕ್ಕರಗಾಲಲ್ಲಿ ಕೂತು ಕಾಂಡದ ಸುತ್ತ ಬಳಿಯೋದು, ಏಳೋದು, ಮುಂದಿನ ಗಿಡಕ್ಕೆ ಕೂರೋದು. ಬಟ್ಟೆ ಹಿಂಡಿದಾಗ ಮೊಣಕೈವರೆಗೆ ಹಾಲಿನ ಹಾಗೆ ಬೆಳ್ಳಗೆ ಇಳೀತಿತ್ತು. ಚಿಗುರಿಗೂ ಕೊಂಬೆಗೂ ತಲೆ ತಾಗೋದರಿಂದ ಕೂದಲಿಗೂ ಅಂಟೋದು. ಮಧ್ಯಾಹ್ನ ಹಳ್ಳದಲ್ಲಿ ಮಣ್ಣು ಹಾಕಿ ಕೈ ಉಜ್ಜಿ ರೊಟ್ಟಿ ತಿಂತಿದ್ದಳು. ಸಂಜೆ ಅದೇ ಸೆರಗಲ್ಲಿ ನನ್ನ ಮುಖ ಒರೆಸ್ತಿದ್ದಳು. ಆ ವಾಸನೆ ನನಗೆ ಅವ್ವನ ವಾಸನೆ ಅಂತಲೇ ಅನ್ನಿಸ್ತಿತ್ತು. ಖಾಲಿ ಡಬ್ಬಕ್ಕೆ ನಮ್ಮ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಪೈಪೋಟಿ. ತೊಳೆದು ಸೀಮೆಎಣ್ಣೆ ತುಂಬಿಡೋರು, ಕೆಲವರು ಅಕ್ಕಿಯನ್ನೂ ಹಾಕಿಡೋರು.

ಈಗ ಅವ್ವನ ಕೈ ನಡುಗುತ್ತೆ, ಲೋಟ ಹಿಡಿಯೋಕೆ ಎರಡೂ ಕೈ ಬೇಕು. ಅದು ಬಳಿದಿದ್ದರಿಂದಲೇ ಅಂತ ನಾನು ಹೇಳೋಕೆ ಬರಲ್ಲ. ಡಾಕ್ಟರು ಕೇಳಿದರು: ಯಾವ ಔಷಧಿ, ಎಷ್ಟು ವರ್ಷ, ವರ್ಷಕ್ಕೆ ಎಷ್ಟು ದಿನ? ಅವ್ವ ‘ಬೋರರ್ ಔಷಧಿ ಕಣಪ್ಪ, ಸುಮಾರು ದಿನ’ ಅಂದಳು. ಡಾಕ್ಟರ ಪೆನ್ನು ಅಲ್ಲೇ ನಿಂತಿತು.

ದೆಹಲಿಯವರು ದಾಖಲೆ ಸಮೇತ ಬರೆಯಿರಿ ಅಂದರೆ ಕಂಪನಿಯವರ ಹತ್ತಿರ ದಾಖಲೆ ಇರುತ್ತೆ, ಬೆಳೆಗಾರರ ಹತ್ತಿರ ಇಳುವರಿ ಲೆಕ್ಕ ಇರುತ್ತೆ. ನಮ್ಮವ್ವನಂಥೋರು ಏನು ಕಳಿಸಬೇಕು?

ಹಳೇ ರೈಟರು, ಸಕಲೇಶಪುರ | 23 ಜೂನ್ 2020

ತಾಯೀ, ನಿನ್ನ ಬರಹ ಓದಿ ರಾತ್ರಿಯೆಲ್ಲ ಯೋಚನೆ ಮಾಡಿದೆ. ದಾಖಲೆ ಇದೆಯಮ್ಮ. ನಾವೇ ಬರೆದಿದ್ದೇವೆ.

ಚೆಕ್‌ರೋಲ್! ಪ್ರತಿ ಆಳಿನ ಹೆಸರಿನ ಮುಂದೆ, ಪ್ರತಿ ದಿನದ ಚೌಕದಲ್ಲಿ ಯಾವ ಕೆಲಸ ಅಂತ ಗುರುತು ಹಾಕುತ್ತಿದ್ದೆವು. ಯಾವ ಕೆಲಸಕ್ಕೆ ಎಷ್ಟು ಖರ್ಚಾಯಿತು ಅಂತ ಧಣಿಗಳಿಗೆ ತಿಂಗಳ ಕೊನೆಗೆ ಲೆಕ್ಕ ಕೊಡಬೇಕಿತ್ತಲ್ಲ. ‘ಗುಂ.ತೆ.’ ಅಂದರೆ ಗುಂಡಿ ತೆಗೆಯೋದು. ‘ಕ.ಹೊ.’ ಕಳೆ ಹೊಡೆಯೋದು. ‘ಬೋ.ಬ.’ ಅಂದರೆ ಬೋರರ್ ಬಳಿಯೋದು. ಅದರ ಜೊತೆ ಸ್ಟೋರ್ ಪುಸ್ತಕ ಇಟ್ಟು ನೋಡಿದರೆ ಆ ದಿನ ಯಾವ ಔಷಧಿ, ಎಷ್ಟು ಲೀಟರ್ ಹೊರಗೆ ಹೋಯಿತು ಅನ್ನೋದೂ ಸಿಗುತ್ತೆ. ಕೂಲಿ ಲೆಕ್ಕಕ್ಕೆ ಅಂತ ಬರೆದದ್ದು. ಇದಕ್ಕೂ ಬೇಕಾಗುತ್ತೆ ಅಂತ ಯಾರು ಎಣಿಸಿದ್ದರು.

ತೋಟ ಯಾವುದು ಅಂತ ನನಗೊಬ್ಬನಿಗೆ ತಿಳಿಸು. ಆ ಕಡೆಯ ಇಬ್ಬರು ರೈಟರ್ ನನಗೆ ಬೇಕಾದವರು. ಪುಸ್ತಕ ಉಳಿದಿದ್ದರೆ ಹುಡುಕಿಸ್ತೀನಿ.

ಗಿರಿ ಸಾಲಿನ ಬೆಳೆಗಾರ | 24 ಜೂನ್ 2020

ಅಕ್ಕಾ, ನಿಮ್ಮ ಬರಹ ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ನನ್ನ ಅಮ್ಮ ಎದ್ದು ಒಳಗೆ ಹೋದರು.

ಆದರೆ ಮನಸ್ಸಿನಲ್ಲಿ ಇರೋದನ್ನು ಮುಚ್ಚಿಡಲ್ಲ. ಚೆಕ್‌ರೋಲ್ ಹೊರಗೆ ಬರುತ್ತೆ ಅಂದರೆ ಬಹಳ ಮಾಲೀಕರು ಹೆದರ್ತಾರೆ. ನಾಳೆ ಕೋರ್ಟು, ಪರಿಹಾರ ಅಂತ ಆದರೆ? ಪುಸ್ತಕಗಳೇ ಒಲೆ ಸೇರಬಹುದು. ಹೇಗೆ ಕೇಳ್ತೀವಿ ಅನ್ನೋದು ಮುಖ್ಯ.

ಲೈನ್ ಮನೆ ಮಗಳು | 24 ಜೂನ್ 2020

ಅಣ್ಣ, ಹೆದರಬೇಡಿ ಅಂತ ನಾನು ಹೇಳಲ್ಲ. ಅವ್ವನಿಗೂ ಹೆದರಿಕೆ ಇತ್ತು, ಬೇಡ ಅಂದರೆ ನಾಳೆ ಕೆಲಸ ಇಲ್ಲ ಅಂತ. ಈಗ ಕ್ಲೋರ್‌ಪೈರಿಫಾಸ್ ಹೊಡೀತಿರೋರದ್ದಾದರೂ ಸರಿಯಾಗಿ ಬರೆದಿಡಿ. ಸೀಸನ್ನಿಗೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಕೊಲಿನೆಸ್ಟರೇಸ್ ರಕ್ತ ಪರೀಕ್ಷೆ ಮಾಡಿಸಿದರೆ ಮೈಗೆ ಎಷ್ಟು ಹತ್ತಿದೆ ಅಂತ ಗೊತ್ತಾಗುತ್ತೆ. ಈ ಔಷಧಿ ಕುಡಿದು ಬಂದವರನ್ನು ವಾರ್ಡಿನಲ್ಲಿ ನಾನು ನೋಡಿದ್ದೀನಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಬಾಯಲ್ಲಿ ಜೊಲ್ಲು ಸುರೀತಾ ಬರ್ತಾರೆ. ಅಟ್ರೋಪಿನ್ ಅನ್ನೋ ಪ್ರತಿವಿಷ ಕೊಟ್ಟು ರಾತ್ರಿಯೆಲ್ಲ ಪಕ್ಕದಲ್ಲಿ ಕೂರಬೇಕು. ಹೊಡೆಯೋರಿಗೆ ಇದೇ ಸ್ವಲ್ಪ ಸ್ವಲ್ಪವಾಗಿ ಆದರೆ ತಲೆನೋವು, ವಾಂತಿ ಅಂತ ಒಂದು ಮಾತ್ರೆ ನುಂಗಿ ಮರುದಿನ ಮತ್ತೆ ಹೋಗ್ತಾರೆ. ಅದು ಯಾವ ಪುಸ್ತಕಕ್ಕೂ ಬರಲ್ಲ.

ಕೆಮಿಸ್ಟ್ರಿ ಮೇಷ್ಟ್ರು, ಹಾಸನ | 25 ಜೂನ್ 2020

ಬೆಳೆಗಾರರಿಗೆ ಒಂದು ಮಾತು. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರಗೆ ಹೋಗುತ್ತೆ, ದೊಡ್ಡ ಗಿರಾಕಿ ಇಟಲಿ. ಯುರೋಪಿನವರು ಕ್ಲೋರ್‌ಪೈರಿಫಾಸ್ ಉಳಿಕೆಯ ಮಿತಿಯನ್ನು ಕೆ.ಜಿ.ಗೆ 0.01 ಮಿಲಿಗ್ರಾಂಗೆ ಇಳಿಸುತ್ತಿದ್ದಾರೆ. ಅಲ್ಲಿ ಕುಡಿಯೋರ ಲೋಟಕ್ಕೆ ಇಷ್ಟು ಕಾವಲಿದೆ. ಇಲ್ಲಿ ಹೊಡೆಯೋರ ಕೈಗೆ ಗ್ಲೌಸ್ ಇಲ್ಲ. ಇನ್ನೊಂದು, ರೋಬಸ್ಟಾ ಕಾಯಿ ಕಟ್ಟೋಕೆ ಬೇರೆ ಗಿಡದ ಪರಾಗ ಬೇಕು. ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ಹೆಜ್ಜೇನು, ತುಡುವೆ ಬಂದರೆ ಅಷ್ಟೂ ಲಾಭ. ಕ್ಲೋರ್‌ಪೈರಿಫಾಸ್ ಜೇನಿಗೆ ಕಡು ವಿಷ.

ಲೈನ್ ಮನೆ ಮಗಳು | 12 ಜುಲೈ 2020

ರೈಟರಪ್ಪನವರಿಂದ ಪುಸ್ತಕ ಸಿಕ್ಕಿತು. ಇಪ್ಪತ್ತಾರು ವರ್ಷದಲ್ಲಿ ನಾಲ್ಕು ವರ್ಷದ್ದು ಮಾತ್ರ ಉಳಿದಿದೆ, ಮಿಕ್ಕಿದ್ದು ಗೆದ್ದಲು ಪಾಲು. ಹಸಿರು ರಟ್ಟು, ಒಳಗೆ ನೀಲಿ ಶಾಯಿ. ಅವ್ವನ ಹೆಸರಿನ ಸಾಲು ಬೆರಳಿಟ್ಟು ಹುಡುಕಿದೆ. ನಾಲ್ಕು ವರ್ಷದಲ್ಲಿ ‘ಬೋ.ಬ.’ ಅಂತ 58 ಚೌಕ. ಅದರಲ್ಲಿ ಮೂರು ನಾನು ಹೊಟ್ಟೆಯಲ್ಲಿದ್ದಾಗಿನವು.

ಅವ್ವನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ, ‘ನನ್ನ ಜೊತೆ ಸಾಲು ಹಿಡೀತಿದ್ದಳಲ್ಲ, ಅವಳದ್ದೂ ಐತಾ ನೋಡು’ ಅಂದಳು. ಆಕೆ ತೀರಿಕೊಂಡು ಎಂಟು ವರ್ಷ ಆಯಿತು. ಇದೆ, 61.

ಮೂಡಿಗೆರೆ ಮಲೆ | 2 ಆಗಸ್ಟ್ 2020

ಪತ್ರ ಹೋಯಿತು. ಕನ್ನಡದಲ್ಲಿ ಬರೆದು, ಜೊತೆಗೆ ಇಂಗ್ಲಿಷ್ ಅನುವಾದ ಇಟ್ಟಿದ್ದೇವೆ. ಇಪ್ಪತ್ತೇಳಕ್ಕೂ ಒಂದೇ ತೀರ್ಮಾನ ಬೇಡ, ಬೆಳೆವಾರು ತೂಗಿ ನೋಡಿ ಅಂತ ಆಲೂರಿನವರು ಹೇಳಿದ ಮಾತು ಮೊದಲಿಗಿದೆ. ಕಾಂಡ ಉಜ್ಜೋ ಕೂಲಿಗೂ ಫೆರೊಮೋನ್ ಬಲೆಗೂ ನೆರವು ಕೇಳಿದ್ದೇವೆ, ಕ್ಲೋರ್‌ಪೈರಿಫಾಸ್ ಎರಡು ವರ್ಷದಲ್ಲಿ ಪೂರ್ತಿ ನಿಲ್ಲಲಿ ಅಂದಿದ್ದೇವೆ. ಗಿರಿಯವರು ಸಹಿ ಹಾಕಿದ್ದಾರೆ. ಹೊಡೆಯೋರ ರಕ್ತ ಪರೀಕ್ಷೆ ಕಡ್ಡಾಯ ಆಗಲಿ, ಕರಡು ಕನ್ನಡದಲ್ಲಿ ಲೈನ್ ಮನೆಗಳವರೆಗೆ ತಲುಪಲಿ, ಹಿಂದೆ ನಿಷೇಧ ಆದದ್ದು ಯಾರ ಅಟ್ಟದಲ್ಲಿ ಉಳಿದಿದ್ದರೂ ತಾಲ್ಲೂಕಿಗೊಂದು ದಿನ ಗೊತ್ತು ಮಾಡಿ, ದಂಡದ ಹೆದರಿಕೆ ಇಲ್ಲದೆ ವಾಪಸು ತೆಗೆದುಕೊಳ್ಳಲಿ ಅಂತ ಬರೆದಿದ್ದೇವೆ. ಕೊನೆಗೆ ಚೆಕ್‌ರೋಲಿನ ನಾಲ್ಕು ಪುಟದ ನಕಲು, ಹೆಸರು ಮರೆಮಾಡಿ.

ಗಿರಿ ಸಾಲಿನ ಬೆಳೆಗಾರ | 9 ಅಕ್ಟೋಬರ್ 2023

ಹಳೇ ಚರ್ಚೆ ಮೇಲೆ ತರ್ತಿದ್ದೇನೆ. ಅಂತಿಮ ಆದೇಶ ಬಂದಿದೆ. ಇಪ್ಪತ್ತೇಳರಲ್ಲಿ ಪೂರ್ತಿ ನಿಷೇಧ ಡೈಕೋಫಾಲ್, ಡೈನೊಕ್ಯಾಪ್, ಮೆಥೊಮಿಲ್ ಮೂರಕ್ಕೆ. ಮೊನೊಕ್ರೊಟೊಫಾಸ್ 36 ಎಸ್.ಎಲ್. ಅನ್ನೋ ದ್ರಾವಣ ಹಂತವಾಗಿ ನಿಲ್ಲುತ್ತೆ. ಕ್ಲೋರ್‌ಪೈರಿಫಾಸಿಗೆ ಬೋರೆ ಹಣ್ಣು, ನಿಂಬೆ ಜಾತಿ, ತಂಬಾಕಿನಲ್ಲಿ ಮಾತ್ರ ತಡೆ. ನಾನು ಕಾಯಲಿಲ್ಲ, ಎರಡು ವರ್ಷದಿಂದ ಉಜ್ಜಿಸಿ ಸುಣ್ಣ ಹೊಡೆಸ್ತಿದ್ದೇನೆ. ಗಿಡ ಹೋಗೋದು ನಿಂತಿಲ್ಲ, ಆದರೆ ಔಷಧಿ ಬಳಿಯೋವಾಗಲೂ ಹೋಗ್ತಿದ್ದವು. ನೆರಳು ಹೆಚ್ಚು ಬಿಟ್ಟ ಕಡೆ ಕಡಿಮೆ ಹೋಗಿದೆ.

ಕೆಮಿಸ್ಟ್ರಿ ಮೇಷ್ಟ್ರು, ಹಾಸನ | 18 ಮೇ 2025

ಜಿನೀವಾದಲ್ಲಿ ಈ ತಿಂಗಳು ಸ್ಟಾಕ್‌ಹೋಮ್ ಒಪ್ಪಂದದ ಸಭೆ ಮುಗಿಯಿತು. ಕ್ಲೋರ್‌ಪೈರಿಫಾಸನ್ನು ಕೆಲವು ವಿನಾಯಿತಿಗಳೊಂದಿಗೆ ನಿರ್ಮೂಲನದ ಪಟ್ಟಿಗೆ ಸೇರಿಸಿದ್ದಾರೆ. ಇದು ತಾನಾಗಿಯೇ ಭಾರತಕ್ಕೆ ಅನ್ವಯಿಸೋದಿಲ್ಲ. ಪಟ್ಟಿಗೆ ಸೇರುವ ಪ್ರತಿ ಹೊಸ ವಸ್ತುವನ್ನೂ ನಮ್ಮ ಸರ್ಕಾರ ಬೇರೆಯಾಗಿ ಅನುಮೋದಿಸಬೇಕು. ಹಾಗಾಗಿ ಮತ್ತೆ ಬರೆಯಬೇಕು. 2020ರ ಪತ್ರ ಯಾರ ಹತ್ತಿರ ಇದೆ?

ಲೈನ್ ಮನೆ ಮಗಳು | 18 ಮೇ 2025

ನನ್ನ ಹತ್ತಿರ ಇದೆ ಸರ್. ಈ ಸಲ ಪುಟಗಳೂ ಹೆಚ್ಚಿವೆ. ಮೂರು ತೋಟದ ರೈಟರ್‌ಗಳು ತಾವಾಗೇ ಪುಸ್ತಕ ತಂದುಕೊಟ್ಟಿದ್ದಾರೆ. ಅವ್ವ ಹೋದ ವರ್ಷ ತೀರಿಕೊಂಡಳು. ಈ ಸಲ ಅವಳ ಹೆಸರು ಮರೆಮಾಡಬೇಕಾಗಿಲ್ಲ.

ಮೂಡಿಗೆರೆ ಮಲೆ | 19 ಮೇ 2025

ಅಕ್ಕಾ, ವಿಷಯ ತಿಳಿದಿರಲಿಲ್ಲ. ಬಹಳ ಬೇಜಾರಾಯಿತು.

ಡಬ್ಬದ ಬಗ್ಗೆ ಕೆಲವರು ಕೇಳಿದ್ದಿರಿ. ಎರಡು ಕಚೇರಿಗೆ ಅರ್ಜಿ ಕೊಟ್ಟೆ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಸಾಗಿಸೋ ಖರ್ಚು ನಾನೇ ಕೊಡ್ತೀನಿ ಅಂದರೂ, ಒಂದು ಡಬ್ಬಕ್ಕೆ ಗಾಡಿ ಬರಲ್ಲ ಅಂದರು. ಡ್ರಮ್ಮು ಇನ್ನೂ ನಮ್ಮ ಸ್ಟೋರಿನಲ್ಲೇ ಇದೆ. ಪ್ರತಿ ವರ್ಷ ಹಂಚು ಕೈಯಾಡಿಸೋ ದಿನ ಮುಚ್ಚಳದ ಅಂಚಿಗೆ ಟಾರ್ಚ್ ಬಿಟ್ಟು ನೋಡ್ತೀನಿ. ನಿನ್ನೆಯೂ ನೋಡಿದೆ, ಸೋರಿಲ್ಲ. ನಿಮ್ಮ ಅಟ್ಟದಲ್ಲೂ ಇಂಥದ್ದು ಇದ್ದರೆ ಇಲ್ಲಿ ಬರೆಯಿರಿ. ಇಪ್ಪತ್ತು ಡಬ್ಬ ಆದರೆ ಒಂದು ಗಾಡಿ ಕೇಳಬಹುದು.